ಸಿರಿಲ್ ಡೌಡನ ಓಕಾರ ದಿಗ್ವಿಜಯ

ಕಲಿಯುಗದ ಮೊದಲ ಪಾದದಲ್ಲಿ, ಆಧಾರ್ ಚೀಟಿಯ ಹೆಸರಿಗೂ ಪಡಿತರ ಚೀಟಿಯ ಹೆಸರಿಗೂ ಹೊಂದಿಕೆಯಾಗದೆ ಸಮಸ್ತ ಮಾನವಕುಲವು ಕಚೇರಿಯಿಂದ ಕಚೇರಿಗೆ ಪ್ರದಕ್ಷಿಣೆ ಹಾಕುತ್ತಿದ್ದ ಆ ಪುಣ್ಯಕಾಲದಲ್ಲಿ, ಧೂಮಶಕಟಘೋಷಪರಿಪೂರಿತವಾದ ಹುಬ್ಬಳ್ಳಿ ಮಹಾನಗರಿಯಲ್ಲಿ, ರೈಲ್ವೆ ಕಾಲೊನಿಯ ಹಿಂಬದಿಯ ಕೆಂಪು ಹೆಂಚಿನ ಮನೆಯೊಂದರ ಜಗಲಿಯ ಮೇಲೆ, ಬೆತ್ತದ ಕುರ್ಚಿಯನ್ನೇ ಸಿಂಹಾಸನ ಮಾಡಿಕೊಂಡು ವಿರಾಜಿಸುತ್ತಿದ್ದ ವೀರನೊಬ್ಬನನ್ನು ಹಾಡುತ್ತೇನೆ. ಹಾಡುವ ಮುನ್ನ ಧೂಳಿಗೆ ನಮಸ್ಕಾರ. ಅದು ಎಲ್ಲ ದಫ್ತರಗಳ ಮೇಲೂ ಪಕ್ಷಪಾತವಿಲ್ಲದೆ ಕೂರುತ್ತದೆ. ಗೆದ್ದಲಿಗೆ ನಮಸ್ಕಾರ, ಇತಿಹಾಸಕಾರರಿಗಿಂತ ಮೊದಲು ಇತಿಹಾಸವನ್ನು ಅರಗಿಸಿಕೊಂಡದ್ದು ಅದೇ. ಕೆಟ್ಟ ಕೈಬರಹದ ಸಕಲ ಗುಮಾಸ್ತರಿಗೂ ನಮಸ್ಕಾರ. ಅವರಿಲ್ಲದಿದ್ದರೆ ಈ ಕಥೆ ಎರಡು ಸಾಲಿಗೆ ಮುಗಿದುಹೋಗುತ್ತಿತ್ತು.

ವೀರನ ಹೆಸರು ಸಿರಿಲ್ ಡೌಡ್. ವಯಸ್ಸು ಎಪ್ಪತ್ತೊಂದು. ಗೂಡ್ಸ್ ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಗಾರ್ಡ್ ಆಗಿ ನಿಂತು ಮೂವತ್ತಾರು ವರ್ಷ ಲೋಕವನ್ನು ಹಿಮ್ಮುಖವಾಗಿಯೇ ನೋಡಿದವನು. ಹಾಗಾಗಿ ಹಿಂದಿನದರ ಮೇಲೆ ಅವನಿಗೆ ಅಪಾರ ಮೋಹ. ಮುಂದೆ ಏನು ಬರುತ್ತಿದೆ ಎಂಬುದು ಯಾವತ್ತೂ ಅವನ ಇಲಾಖೆಯಾಗಿರಲಿಲ್ಲ. ಹುಬ್ಬಳ್ಳಿಯ ಆಡುಮಾತಿನಲ್ಲಿ ‘ದೌಡ್’ ಎಂದರೆ ಬೇಗ. ಓಣಿಯವರೆಲ್ಲ ಅವನನ್ನು ‘ದೌಡ್ ಸಾಹೇಬ್ರು’ ಎಂದೇ ಕರೆಯುತ್ತಿದ್ದರು. ಜಗಲಿಯಿಂದ ಗೇಟಿನವರೆಗೆ ಹೋಗಲು ಹದಿನೈದು ನಿಮಿಷ ತೆಗೆದುಕೊಳ್ಳುತ್ತಿದ್ದ ಮಹನೀಯನಿಗೆ ಇದಕ್ಕಿಂತ ಒಪ್ಪುವ ಬಿರುದು ಬೇರೆ ಇರಲಿಲ್ಲ.

ಪ್ರತಿಪಕ್ಷದ ಮಹಾರಥಿ ಅವನ ಸ್ವಂತ ಅಕ್ಕ, ಮ್ಯೂರಿಯಲ್ ಡೌಡ್. ವಯಸ್ಸು ಎಪ್ಪತ್ತನಾಲ್ಕು, ಮದುವೆಯಾಗಿರಲಿಲ್ಲ. ಮೂರು ತಲೆಮಾರಿನ ಮಕ್ಕಳಿಗೆ ಅಕ್ಷರ ತಿದ್ದಿಸಿ, ಅವರ ಕಾಗುಣಿತದ ತಪ್ಪುಗಳನ್ನು ಕೆಂಪು ಶಾಯಿಯಿಂದ ಸಂಹರಿಸಿ, ಅನಂತರವೇ ನಿವೃತ್ತಳಾದ ಕಾಗುಣಿತಮರ್ದಿನಿ. ಇಬ್ಬರೂ ಅದೇ ಹೆಂಚಿನ ಮನೆಯಲ್ಲಿದ್ದರು: ಪೂರ್ವದ ಅರ್ಧ ಅಕ್ಕನದು, ಪಶ್ಚಿಮದ ಅರ್ಧ ತಮ್ಮನದು, ನಡುವೆ ಒಂದು ಬಾಗಿಲು. ಡೌಡರದು ಹಳೆಯ ಆಂಗ್ಲೋ-ಇಂಡಿಯನ್ ಮನೆತನ. ಪ್ರಾರ್ಥನೆಗೆ ಇಂಗ್ಲಿಷ್, ಜಗಳಕ್ಕೆ ಮಾತ್ರ ಶುದ್ಧ ಹುಬ್ಬಳ್ಳಿ ಕನ್ನಡ.

ಯುದ್ಧಕ್ಕೆ ಕಾರಣವಾದದ್ದು ಒಂದು ಕಲ್ಲು. ಇವರಿಬ್ಬರ ಹಿರಿಯಣ್ಣ ಆಬ್ರಿ, ರೈಲ್ವೆ ಯಾರ್ಡಿನಲ್ಲಿ ಡಬ್ಬಿ ಜೋಡಿಸುವ ಕೆಲಸ ಮಾಡಿ ನಿವೃತ್ತನಾದವನು, ಹೋದ ವರ್ಷದ ಆಗಸ್ಟಿನಲ್ಲಿ ತೀರಿಕೊಂಡ. ಬೆಳಗಿನ ತಿಂಡಿ ಅಕ್ಕನ ಅರ್ಧದಲ್ಲಿ, ರಾತ್ರಿಯ ಊಟ ತಮ್ಮನ ಅರ್ಧದಲ್ಲಿ ಮಾಡುತ್ತ ಆ ನಡುಬಾಗಿಲನ್ನು ಸದಾ ತೆರೆದಿಟ್ಟಿದ್ದವನು ಅವನೇ. ಅವನ ಸಮಾಧಿಗೆ ಶಿಲೆ ಕೆತ್ತಲು ಕಲ್ಲುಕೆಲಸದ ಮೌನೇಶ ಬಡಿಗೇರನಿಗೆ ಹೇಳಿದ್ದಾಯಿತು. ಮೌನೇಶನ ಶೆಡ್ಡಿನಲ್ಲಿ ಕರಿಕಲ್ಲಿನ ಮೇಲೆ ಸೀಮೆಸುಣ್ಣದಿಂದ ‘ಆಬ್ರಿ ಡೌಡ್’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಸಿರಿಲ್ ಅಲ್ಲಿಗೆ ಹೋಗಿ, ಬೆರಳೆತ್ತಿ, ಮೇಘಗಂಭೀರ ಧ್ವನಿಯಲ್ಲಿ ಆಜ್ಞಾಪಿಸಿದ: “ಡೌಡ್ ಅಲ್ಲ ಮೌನೇಶ. ಮುಂದ ಒಂದು ಓ ಹಾಕು. ಓ'ಡೌಡ್!”

“ಓ ದೌಡ್ ಅಂತ್ರೀ?” ಮೌನೇಶ ಉಳಿ ಕೆಳಗಿಟ್ಟ. “ಸಮಾಧಿ ಮ್ಯಾಲೆ ಹಂಗ ಬರದ್ರ ಓದಿದವ್ರು ಏನಂತ ತಿಳ್ಕೋತಾರ್ರೀ ಸಾಹೇಬ್ರ? ಒಳಗಿದ್ದವರನ್ನ ಲಗೂನ ಎಬ್ಬಸಾಕ ಕರದಂಗ ಆಗ್ತೈತ್ರಿ.”

ಈ ಸುದ್ದಿ ಅರ್ಧ ಗಂಟೆಯಲ್ಲಿ ಮ್ಯೂರಿಯಲ್‌ಳ ಕಿವಿಗೆ ಬಿತ್ತು. ಅವಳು ಕೊಡೆಯನ್ನು ಗದೆಯಂತೆ ಹಿಡಿದು ಆಟೋದಲ್ಲಿ ಬಂದಿಳಿದಳು.

“ನಮ್ಮಪ್ಪ ಡೌಡ್. ನಮ್ಮಜ್ಜ ಡೌಡ್. ಆಬ್ರಿ ಹುಟ್ಟಿ ಸಾಯೂತನಾ ಡೌಡ್. ಸತ್ತ ಮ್ಯಾಲೆ ಈ ಓ ಎಲ್ಲಿಂದ ಬಂತು?”

ಆಗ ಸಿರಿಲ್ ಎದೆಯುಬ್ಬಿಸಿ ತನ್ನ ವಂಶಾವಳಿಯನ್ನು ಘೋಷಿಸಿದ. ಕಲ್ಲಿನ ಪುಡಿ ಮೆತ್ತಿಕೊಂಡ ಆ ಶೆಡ್ಡಿನಲ್ಲಿ ಅದಕ್ಕೆ ಸಾಕ್ಷಿಯಾಗಿದ್ದದ್ದು ಮೌನೇಶ, ಎರಡು ಅರೆಗೆತ್ತಿದ ಬಸವಣ್ಣ ಮತ್ತು ಒಂದು ಒರಳು.

“ಕೇಳ ಮ್ಯೂರಿಯಲ್! ಐರ್ಲೆಂಡಿನ ಪಡುವಣಕ್ಕ ಸ್ಲೈಗೊ ಅಂತ ಸೀಮಿ ಐತಿ. ಅಲ್ಲೆ ಸಮುದ್ರದ ದಂಡಿಗೆ ಕ್ವಾಟಿ ಕಟ್ಟಿ ಆಳಿದವ್ರು ಓ'ಡೌಡರು. ಓ ಅಂದ್ರ ಆ ಭಾಷಾದಾಗ ಮೊಮ್ಮಗ, ವಂಶದವ ಅಂತ ಅರ್ಥ. ನಮ್ಮ ಮುತ್ತಜ್ಜ ಪ್ಯಾಟ್ರಿಕ್ ಅವರ ರಕ್ತ! ಕುದ್ರಿ ಏರಿ, ಕತ್ತಿ ಹಿಡದು, ಕ್ಯಾಪ್ಟನ್ ಆಗಿ ಈ ನೆಲಕ್ಕ ಬಂದಾಂವ! ಯಾವನೋ ಗುಮಾಸ್ತ ಆಲಸ್ಯಕ್ಕ ನಮ್ಮ ಓ ನುಂಗ್ಯಾನ. ಅದನ್ನ ನಾ ತಿರುಗಿ ತರ್ತೀನಿ.”

“ಹೋದ ವರ್ಷ ಮುತ್ತಜ್ಜ ಲೆಫ್ಟಿನೆಂಟ್ ಇದ್ದ. ಈ ವರ್ಷ ಕ್ಯಾಪ್ಟನ್ ಆಗ್ಯಾನ,” ಎಂದಳು ಮ್ಯೂರಿಯಲ್. “ಸತ್ತು ನೂರು ವರ್ಷ ಆದ ಮ್ಯಾಲೂ ಬಡ್ತಿ ಸಿಗೂದು ನಮ್ಮ ಮನಿತನದಾಗ ಮಾತ್ರ. ನನಗ ಕಥಿ ಬ್ಯಾಡ. ಕಾಗದ ಬೇಕು. ಆ ಪ್ಯಾಟ್ರಿಕ್ ತನ್ನ ಕೈಲೆ ತನ್ನ ಹೆಸರಿನ ಮುಂದ ಓ ಬರದ ಒಂದ ಕಾಗದ ತೋರ್ಸು. ಅವತ್ತ ನಾನ ನಿಂತು ಕೆತ್ತಸ್ತೀನಿ.”

“ತೋರ್ಸೂತನಾ ಆ ಕಲ್ಲಿಗೆ ಉಳಿ ಹಚ್ಚಬಾರ್ದು!”

“ತೋರ್ಸೂತನಾ ನನ್ನ ಜೋಡಿ ಮಾತಾಡಬಾರ್ದು!”

ಹೀಗೆ ಭೀಷಣ ಪ್ರತಿಜ್ಞೆಗಳು ನೆರವೇರಿದವು. ನಡುವಿನ ಬಾಗಿಲಿಗೆ ಎರಡೂ ಕಡೆಯಿಂದ ಚಿಲಕ ಬಿತ್ತು. ಆಬ್ರಿಯ ಸಮಾಧಿಯ ಮೇಲೆ ಮರದ ಪಟ್ಟಿಯೊಂದು ನಂಬರು ಹೊತ್ತು ನಿಂತಿತ್ತು. ಅದರ ಬಣ್ಣ ಮೊದಲ ಬೇಸಿಗೆಯಲ್ಲೇ ಸುಲಿಯಿತು. ಮಹಾಕಾರ್ಯಗಳ ನಡುವೆ ಸತ್ತವನ ನೆನಪು ಯಾರಿಗಿರುತ್ತದೆ?

ಸಿರಿಲ್‌ನ ಮೊದಲ ದಂಡಯಾತ್ರೆ ಸ್ಥಳೀಯ ದಾಖಲೆಗಳ ಮೇಲೆ. ಕಾಲೊನಿಯ ಆಚೆಯ ಹಳೆಯ ಚರ್ಚಿನಲ್ಲಿ ಜ್ಞಾನಸ್ನಾನ, ಮದುವೆ, ಮರಣಗಳ ರಿಜಿಸ್ಟರುಗಳಿದ್ದವು. ಅವುಗಳ ಕಾವಲುಗಾರ ಜೋಜಪ್ಪ, ಸೊಂಟದಲ್ಲಿ ಬೀಗದ ಕೈಗೊಂಚಲು ಕಟ್ಟಿಕೊಂಡ ಚರ್ಚಿನ ಗುಮಾಸ್ತ. ಪಾತಾಳದ ನಿಧಿಗೆ ಸರ್ಪಗಳಿರುವಂತೆ ಈ ಕಪಾಟಿಗೆ ಜೋಜಪ್ಪ. ವ್ಯತ್ಯಾಸ ಇಷ್ಟೇ, ಸರ್ಪಗಳು ಊಟಕ್ಕೆಂದು ಬಾಗಿಲು ಹಾಕಿಕೊಂಡು ಹೋಗುವುದಿಲ್ಲ. ನಮ್ಮ ವೀರ ಮೂರು ಸಲ ಊಟದ ಹೊತ್ತಿಗೆ ಹೋದ. ನಾಲ್ಕನೆಯ ಸಲ ಜೋಜಪ್ಪನಿಗೆ ಕರುಣೆ ಬಂತು.

“ಭಾಳ ಹಳೇವು ಅದಾವ್ರಿ ಸಾಹೇಬ್ರ. ಪುಟ ಹೊಳ್ಳಸೂವಾಗ ಉಸಿರ ಬಿಡಬ್ಯಾಡ್ರಿ, ಹಾರಿ ಹೊಕ್ಕಾವ.”

ಉಸಿರು ಬಿಗಿಹಿಡಿದು ಸಿರಿಲ್ ಒಂದು ಸಾವಿರದ ಎಂಟುನೂರ ಎಂಬತ್ತೊಂಬತ್ತರ ಪುಟಕ್ಕೆ ಬಂದ. ಅಜ್ಜ ಮೈಕೆಲ್‌ನ ಜ್ಞಾನಸ್ನಾನ! ತಂದೆಯ ಹೆಸರಿನ ಕಾಲಂ: ಪ್ಯಾಟ್ರಿಕ್, ಅದರ ಮುಂದೆ ದುಂಡಗೆ, ಕಪ್ಪಗೆ, ಸ್ಪಷ್ಟವಾಗಿ ಒಂದು ಓ, ಆಮೇಲೆ ಡೌಡ್. ವೀರನ ಕಂಠದಿಂದ ಹೊರಟ ಸಿಂಹನಾದಕ್ಕೆ ಗಂಟೆಗೋಪುರದ ಪಾರಿವಾಳಗಳೆಲ್ಲ ಹಾರಿದವು.

ಜೋಜಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದ. ಮೆಲ್ಲಗೆ ಆ ಒಂದು ಹಾಳೆಯನ್ನು ಎತ್ತಿದ. ಓ ಎದ್ದು ಬರಲಿಲ್ಲ, ಕೆಳಗೇ ಉಳಿಯಿತು. “ತೂತ ಐತ್ರಿ,” ಎಂದ. “ಗೆದ್ದಲ ಕೊರದದ್ದು. ಕೆಳಗಿನ ಪುಟದ ಶಾಯಿ ಕಲೆ ಕಾಣಸ್ತೈತಿ. ಮುಂದಿನ ಸಾಲಿನ ಡಿಸೋಜಾಗೂ ಇಂಥಾದ ಓ ಐತಿ ನೋಡ್ರಿ. ಅದರ ಕೆಳಗಿನ ಮುನಿಸ್ವಾಮಿಗೂ ಐತಿ.”

ಓ'ಮುನಿಸ್ವಾಮಿಯನ್ನು ಕಂಡ ಮೇಲೆ ಸಿರಿಲ್ ಆ ರಿಜಿಸ್ಟರನ್ನು ತಾನೇ ಮುಚ್ಚಿದ.

ಆದರೆ ವೀರರು ಒಂದು ತೂತಿಗೆ ಹಿಮ್ಮೆಟ್ಟುವವರಲ್ಲ. ಮದುವೆಯ ರಿಜಿಸ್ಟರಿನಲ್ಲಿ ಗಟ್ಟಿಯಾದ ಸುಳಿವು ಸಿಕ್ಕಿತು: ಒಂದು ಸಾವಿರದ ಎಂಟುನೂರ ಎಂಬತ್ತಾರು, ಪ್ಯಾಟ್ರಿಕ್ ಡೌಡ್, ಮಾಜಿ ಸೈನಿಕ, ರೈಲ್ವೆ ನೌಕರ; ತಂದೆ ಮಾರ್ಟಿನ್ ಡೌಡ್, ಸ್ಲೈಗೊ ಸೀಮೆಯ ಕಿಲ್‌ಬ್ರೀನಾ ಗ್ರಾಮ. ಸಹಿ ಇರಬೇಕಾದ ಮೂಲೆಯನ್ನು ಗೆದ್ದಲು ಪೂರ್ತಿ ಭೋಜನ ಮಾಡಿತ್ತು.

“ಸ್ಲೈಗೊ! ನಾ ಹೇಳಿರಲಿಲ್ಲೇನು?” ಎಂದು ಸಿರಿಲ್ ಮೇಜು ಗುದ್ದಿದ. ಪುಟದಿಂದ ಮತ್ತೊಂದು ಚೂರು ಉದುರಿತು.

ಜೋಜಪ್ಪ ಪಕ್ಕದ ಕಾಲಮ್ಮಿನ ಮೇಲೆ ಬೆರಳಿಟ್ಟ. “ಹೆಣ್ಣಿನ ಹೆಸರು ಮಾರ್ಥಾ ಅಂತ ಐತ್ರಿ. ಊರು ಗದಗ. ಅಪ್ಪನ ಹೆಸರು ಬರದಿಲ್ಲ. ನಿಮ್ಮ ಮುತ್ತಜ್ಜಿ ನಮ್ಮ ಕಡೆಯಾಕಿನ ಅಂತಾತು. ಆಕಿ ಯಾರು ಅಂತ ಹುಡಕೋಣೇನ್ರಿ? ಗದಗಿಗೆ ರೈಲಿಗೆ ಹೋದ್ರ ತಾಸಿನ ಹಾದಿ.”

“ಅದನ್ನ ಆಮ್ಯಾಲೆ ನೋಡೂಣು,” ಎಂದ ಸಿರಿಲ್. ಐದು ಸಾವಿರ ಮೈಲಿ ದೂರದ ಕೋಟೆಯ ಕಡೆಗೆ ಮುಖ ಮಾಡಿದವನಿಗೆ ಒಂದು ತಾಸಿನ ಹಾದಿಯ ಮುತ್ತಜ್ಜಿ ಹೇಗೆ ಕಾಣಬೇಕು?

ಎರಡನೆಯ ದಂಡಯಾತ್ರೆ ಐರ್ಲೆಂಡಿನ ರಾಷ್ಟ್ರೀಯ ದಾಖಲೆಗಳ ಮೇಲೆ. ಅದಕ್ಕೆ ಲ್ಯಾಪ್‌ಟಾಪ್ ಇತ್ತು, ಇಂಟರ್ನೆಟ್ ಇರಲಿಲ್ಲ. ವೈಫೈ ಶತ್ರುವಿನ ಅರ್ಧದಲ್ಲಿತ್ತು. ಸಿರಿಲ್ ಮೂರು ದಿನ ತಾಳಿದ. ನಾಲ್ಕನೆಯ ದಿನ ಚೀಟಿಯಲ್ಲಿ ‘ಪಾಸ್‌ವರ್ಡ್?’ ಎಂದು ಬರೆದು ನಡುಬಾಗಿಲ ಸಂದಿನಲ್ಲಿ ತೂರಿಸಿದ. ಹತ್ತು ನಿಮಿಷಕ್ಕೆ ಚೀಟಿ ಮರಳಿತು. ಪಾಸ್‌ವರ್ಡ್ ಇತ್ತು, ಅದರ ಜೊತೆಗೆ, ಅವನು ಇಂಗ್ಲಿಷಿನಲ್ಲಿ ಬರೆದಿದ್ದ ಆ ಒಂದೇ ಪದದಲ್ಲಿ ಬಿಟ್ಟುಹೋಗಿದ್ದ ಎರಡನೆಯ ‘ಎಸ್’ ಅನ್ನು ಕೆಂಪು ಶಾಯಿಯಲ್ಲಿ ತಿದ್ದಲಾಗಿತ್ತು. ಧರ್ಮಯುದ್ಧ ಎಂದರೆ ಇದು.

ಸಿಗ್ನಲ್ ಚೆನ್ನಾಗಿ ಸಿಗುತ್ತಿದ್ದದ್ದು ಅಕ್ಕನ ಕಿಟಕಿಯ ಕೆಳಗೆ ಮಾತ್ರ. ಹೀಗಾಗಿ ಪ್ರತಿದಿನ ಬೆಳಿಗ್ಗೆ ತಿಂಡಿಯಾದ ಮೇಲೆ ವೀರನು ಅಲ್ಲಿ ಕುರ್ಚಿ ಹಾಕಿಕೊಂಡು ಕೂತು, ಒಳಗಿದ್ದವಳಿಗೆ ಕೇಳಿಸುವಂತೆ ಗಟ್ಟಿಯಾಗಿ ತನಗೆ ತಾನೇ ಹೇಳಿಕೊಳ್ಳುತ್ತ ಯುದ್ಧ ಮಾಡಿದ.

ಮಾಡಿದ ಎನ್ನುವುದಕ್ಕಿಂತ ಪೆಟ್ಟು ತಿಂದ ಎನ್ನಬೇಕು. ಐರ್ಲೆಂಡಿನಲ್ಲಿ ಪೂರ್ತಿಯಾಗಿ ಉಳಿದ ಮೊದಲ ಜನಗಣತಿಯೇ ಒಂದು ಸಾವಿರದ ಒಂಬೈನೂರ ಒಂದರದು. ಅಷ್ಟೊತ್ತಿಗೆ ಪ್ಯಾಟ್ರಿಕ್ ಹುಬ್ಬಳ್ಳಿಯ ಧೂಳು ಕುಡಿಯುತ್ತ ಹದಿನೈದು ವರ್ಷ ಸಂಸಾರ ಮಾಡಿಯಾಗಿತ್ತು. ಅದಕ್ಕೂ ಹಿಂದಿನ ಗಣತಿಗಳಲ್ಲಿ ಕೆಲವನ್ನು ಸರಕಾರವೇ ನಾಶ ಮಾಡಿತ್ತು. ಮಹಾಯುದ್ಧದಲ್ಲಿ ಕಾಗದದ ಬರ ಬಂದಾಗ ಇನ್ನು ಕೆಲವನ್ನು ಅರೆದು ರದ್ದಿ ಮಾಡಿತ್ತು. ಉಳಿದವನ್ನು ಡಬ್ಲಿನ್ನಿನ ದಫ್ತರಖಾನೆಯಲ್ಲಿ ಜೋಪಾನವಾಗಿ ಇಟ್ಟಿದ್ದರು. ಒಂದು ಸಾವಿರದ ಒಂಬೈನೂರ ಇಪ್ಪತ್ತೆರಡನೆಯ ಇಸವಿಯಲ್ಲಿ ದೇಶದವರು ತಮ್ಮತಮ್ಮೊಳಗೇ ಕಾದಾಡುವಾಗ ಆ ಕಟ್ಟಡ ಸ್ಫೋಟಗೊಂಡು, ಏಳುನೂರು ವರ್ಷಗಳ ಕಾಗದ ಬೂದಿಯಾಗಿ ಊರ ಮೇಲೆ ಮಳೆಯಂತೆ ಸುರಿಯಿತು.

“ಸುಟ್ಟಾರ! ಎಲ್ಲಾ ಸುಟ್ಟಾರ!” ಎಂದು ಸಿರಿಲ್ ಕಿಟಕಿಯ ಕೆಳಗೆ ಗೋಳಿಟ್ಟ.

ಒಳಗಿನಿಂದ ಕುಕ್ಕರ್ ಸೀಟಿ ಹೊಡೆಯಿತು. ಅದಕ್ಕಿಂತ ಹೆಚ್ಚಿನ ಸಾಂತ್ವನ ಬರಲಿಲ್ಲ.

ಆದರೂ ಊರೂರಿನ ಚರ್ಚುಗಳಲ್ಲಿದ್ದ ಪುಸ್ತಕಗಳು ಬೆಂಕಿಯಿಂದ ಪಾರಾಗಿದ್ದವು. ಅವುಗಳ ಚಿತ್ರಗಳನ್ನು ರಾಷ್ಟ್ರೀಯ ಗ್ರಂಥಾಲಯ ಎಲ್ಲರಿಗೂ ತೆರೆದಿಟ್ಟಿತ್ತು. ಹನ್ನೊಂದು ತಿಂಗಳ ಮುತ್ತಿಗೆಯ ನಂತರ ಸಿರಿಲ್‌ಗೆ ಕಿಲ್‌ಬ್ರೀನಾದ ಪುಟಗಳು ಸಿಕ್ಕವು. ಸಿಕ್ಕರೇನು, ಪಾದ್ರಿ ಬರೆದದ್ದು ಲ್ಯಾಟಿನ್ನಿನಲ್ಲಿ. ಸಿರಿಲ್ ಬಲ್ಲ ಲ್ಯಾಟಿನ್ ಎಂದರೆ ‘ಆಮೆನ್’ ಒಂದೇ; ಅದು ಲ್ಯಾಟಿನ್ ಹೌದೋ ಅಲ್ಲವೋ ಎಂಬ ಅನುಮಾನವೂ ಅವನಿಗಿತ್ತು. ಜೋಜಪ್ಪನೂ ಕೈಚೆಲ್ಲಿದ. ಸುತ್ತ ಇಪ್ಪತ್ತು ಮೈಲಿಯಲ್ಲಿ ಲ್ಯಾಟಿನ್ ಕಲಿತವಳು ಒಬ್ಬಳೇ, ಕಾನ್ವೆಂಟಿನಲ್ಲಿ ಓದಿದ ಮ್ಯೂರಿಯಲ್.

ವೀರನು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಹೋಗಿ ನಡುಬಾಗಿಲು ತಟ್ಟಿದ. ಒಂದು ವರ್ಷದ ನಂತರ ಎರಡೂ ಕಡೆಯ ಚಿಲಕ ಸರಿದವು.

“ಓದಾಕ ಬರವಲ್ದು,” ಎಂದ, ನೆಲ ನೋಡುತ್ತ.

“ಕೊಡ ಇಲ್ಲೆ.”

ಅವಳು ಓದಿದಳು. ಮಾರ್ಟಿನ್ನನಿಗೂ ಅವನ ಹೆಂಡತಿ ಹೊನೋರಾಗೂ ನಾಲ್ಕು ಮಕ್ಕಳು. ಮೊದಲ ಮಗಳಿಗೆ ಪಾದ್ರಿ ‘ಓ'ಡೌಡ್’ ಎಂದು ಬರೆದಿದ್ದ. ಸಿರಿಲ್ ಕುರ್ಚಿಯಿಂದ ಅರ್ಧ ಎದ್ದ. ಎರಡನೆಯವನಿಗೆ ‘ಡೂಡಿ’. ಸಿರಿಲ್ ಅಲ್ಲೇ ನಿಂತ. ಮೂರನೆಯವ, ಒಂದು ಸಾವಿರದ ಎಂಟುನೂರ ಐವತ್ತೆರಡರಲ್ಲಿ ಹುಟ್ಟಿದ ಪ್ಯಾಟ್ರಿಕ್‌ಗೆ ‘ಡೌಡ್’. ನಾಲ್ಕನೆಯ ಕೂಸಿಗೆ ‘ಡಡ್’. ಅದೇ ತಂದೆ, ಅದೇ ತಾಯಿ, ಅದೇ ಪಾದ್ರಿ.

“ಈ ಪಾದ್ರಿ ನನ್ನ ಕ್ಲಾಸಿನ್ಯಾಗ ಇದ್ದಿದ್ರ ಬೆಂಚಿನ ಮ್ಯಾಲೆ ನಿಂದರಸ್ತಿದ್ದೆ,” ಎಂದಳು ಮ್ಯೂರಿಯಲ್. ಆದರೂ ಕಣ್ಣು ಪರದೆಯಿಂದ ಕೀಳಲಿಲ್ಲ. “ಆಗಿನ ಕಾಲಕ್ಕ ಕೇಳಿದಂಗ ಬರೀತಿದ್ರು. ಬರದವ ಪಾದ್ರಿ, ಪ್ಯಾಟ್ರಿಕ್ ಅಲ್ಲ. ನಾ ಕೇಳಿದ್ದು ಅವನ ಕೈಬರಹ.”

ಸಿರಿಲ್ ಕಟ್ಟಕಡೆಯ ಅಸ್ತ್ರ ಪ್ರಯೋಗಿಸಿದ. ಸ್ಲೈಗೊದ ಗ್ರಂಥಾಲಯವೊಂದರಲ್ಲಿ ಸ್ಥಳೀಯ ಚರಿತ್ರೆಯ ವಿಭಾಗ ನೋಡಿಕೊಳ್ಳುತ್ತಿದ್ದ ಬ್ರೀಜ್ ಎಂಬ ಹೆಂಗಸಿಗೆ ಮೇಲ್ ಬರೆದ. ಅದರಲ್ಲಿ ತನ್ನನ್ನು ‘ಹುಬ್ಬಳ್ಳಿಯ ಓ'ಡೌಡ್ ಶಾಖೆಯ ಮುಖ್ಯಸ್ಥ’ ಎಂದು ಕರೆದುಕೊಂಡಿದ್ದ. ಆ ಶಾಖೆಯಲ್ಲಿ ಒಟ್ಟು ಇಬ್ಬರಿದ್ದಾರೆ, ಅವರಲ್ಲೊಬ್ಬಳು ಶಾಖೆಯನ್ನೇ ಒಪ್ಪುವುದಿಲ್ಲ ಎಂಬುದನ್ನು ಮಾತ್ರ ಬರೆದಿರಲಿಲ್ಲ.

ಅಕ್ಟೋಬರಿನ ಕೊನೆಯ ವಾರ ಉತ್ತರ ಬಂತು. ನವೆಂಬರ್ ಎರಡು ಮೃತರ ಸ್ಮರಣೆಯ ದಿನ. ಊರಿನ ಕ್ರೈಸ್ತರೆಲ್ಲ ಸಮಾಧಿಗಳನ್ನು ತೊಳೆದು ಹೂವಿಟ್ಟು ಮೇಣದಬತ್ತಿ ಹಚ್ಚುವ ದಿನ. ಹೋದ ವರ್ಷ ಇಬ್ಬರೂ ಬೇರೆಬೇರೆ ಹೊತ್ತಿಗೆ ಹೋಗಿ ಆ ಮರದ ಪಟ್ಟಿಗೇ ಹೂವು ಕಟ್ಟಿ ಬಂದಿದ್ದರು.

ಬ್ರೀಜ್ ಬಹಳ ಅಕ್ಕರೆಯಿಂದ, ಬಹಳ ಸಂಪೂರ್ಣವಾಗಿ, ಒಂದನ್ನೂ ಮುಚ್ಚಿಡದೆ ಬರೆದಿದ್ದಳು. ಸಿರಿಲ್ ಅದನ್ನು ನಡುಬಾಗಿಲಲ್ಲೇ ನಿಂತು ಓದಿದ. ಹಳೆಯ ಭೂಮಿಪಟ್ಟಿಯಲ್ಲಿ ಮಾರ್ಟಿನ್ ಡೌಡ್ ಸಿಕ್ಕಿದ್ದಾನೆ: ಮತ್ತೊಬ್ಬರ ಜಾಗದಲ್ಲಿ ಒಂದು ಗುಡಿಸಲು, ಜಮೀನಿಲ್ಲ. ಕೋಟೆ ಅಲ್ಲಿಂದ ಕಾಣುತ್ತದೆ, ಹವೆ ತಿಳಿಯಾಗಿದ್ದರೆ. ಇನ್ನು ಪ್ಯಾಟ್ರಿಕ್. ಲಂಡನ್ನಿನ ರಾಷ್ಟ್ರೀಯ ದಫ್ತರದಲ್ಲಿದ್ದ ಅವನ ಸೈನ್ಯದ ಬಿಡುಗಡೆ ಪತ್ರದ ಪ್ರತಿಯನ್ನೂ ಅವಳು ತರಿಸಿ ಲಗತ್ತಿಸಿದ್ದಳು. ಹುದ್ದೆ: ಸಾಮಾನ್ಯ ಸಿಪಾಯಿ, ಮೊದಲಿನಿಂದ ಕೊನೆಯವರೆಗೂ. ಕೆಲಸ: ಸಾಮಾನು ಹೊರುವ ಹೇಸರಗತ್ತೆಗಳನ್ನು ನೋಡಿಕೊಳ್ಳುವುದು.

“ಹೇಸರಗತ್ತಿ,” ಎಂದ ಸಿರಿಲ್.

“ಅರ್ಧ ಕುದ್ರೀನ ಅಲ್ಲೇನ ಅದು?” ಎಂದಳು ಮ್ಯೂರಿಯಲ್. “ಅರ್ಧ ಕಥಿ ಖರೇನ ಆತು. ಮುಂದ ಓದು.”

ಮುಂದೆ ಓದುವುದಕ್ಕೆ ಏನೂ ಇರಲಿಲ್ಲ. ಪತ್ರದ ಕೆಳಗೆ, ಸಿಪಾಯಿಯ ಸಹಿ ಎಂದಿದ್ದ ಗೆರೆಯ ಮೇಲೆ, ಗುಮಾಸ್ತನೊಬ್ಬ ನೀಟಾದ ಅಕ್ಷರದಲ್ಲಿ ‘ಪ್ಯಾಟ್ರಿಕ್ ಡೌಡ್ ಇವನ ಗುರುತು’ ಎಂದು ಬರೆದಿದ್ದ. ಅದರ ನಡುವೆ, ಲೇಖನಿ ಹಿಡಿದು ಗೊತ್ತಿಲ್ಲದ ಕೈಯೊಂದು ಒತ್ತಿ ಎಳೆದ ಎರಡು ಅಡ್ಡಗೆರೆಗಳು. ಒಂದು ಕತ್ತರಿ ಗುರುತು. ಇಂಗ್ಲಿಷಿನ ಎಕ್ಸ್.

ಯಾವ ಓಕಾರಕ್ಕಾಗಿ ಎರಡು ಖಂಡಗಳ ದಫ್ತರಗಳು ಶೋಧಿಸಲ್ಪಟ್ಟವೋ, ಯಾವ ಓಕಾರಕ್ಕಾಗಿ ಜೋಜಪ್ಪನು ನಾಲ್ಕನೆಯ ಸಲ ಕಪಾಟು ತೆರೆದನೋ, ಆ ಓಕಾರವನ್ನು ಆ ಮಹಾಪುರುಷನು ಬರೆದೂ ಇರಲಿಲ್ಲ, ಬಿಟ್ಟೂ ಇರಲಿಲ್ಲ. ಅವನಿಗೆ ಬರೆಯಲಿಕ್ಕೇ ಬರುತ್ತಿರಲಿಲ್ಲ.

ಗೆದ್ದವಳು ನಗುತ್ತಾಳೆಂದು ಸಿರಿಲ್ ಕಾದ. ಅವಳು ನಗಲಿಲ್ಲ. ಪರದೆಯನ್ನು ಹತ್ತಿರಕ್ಕೆ ಎಳೆದುಕೊಂಡು ಆ ಗುರುತನ್ನೇ ನೋಡಿದಳು. ನಲವತ್ತು ವರ್ಷ ಮಕ್ಕಳ ಕೈ ಹಿಡಿದು ಬರೆಸಿದವಳಿಗೆ ಗೆರೆಯ ನಡುಕ ಗೊತ್ತಾಗುತ್ತದೆ.

“ಎಷ್ಟ ಒತ್ತ್ಯಾನ ನೋಡು,” ಎಂದಳು. “ಶಾಯಿ ಹರದೈತಿ. ಮೂವತ್ತು ದಾಟಿದ ಮನಶ್ಯಾ. ಒಬ್ಬರರ ಕಲಸಬೇಕಿತ್ತು.”

ಸಿರಿಲ್ ಬಾಗಿಲ ಚೌಕಟ್ಟಿಗೆ ಒರಗಿದ. ಆಗ ಅವನ ಬಾಯಿಂದ ಬಂದ ಮಾತಿನಲ್ಲಿ ಕೋಟೆಯೂ ಇರಲಿಲ್ಲ, ಕತ್ತಿಯೂ ಇರಲಿಲ್ಲ.

“ನನಗ ರಾಜರ ವಂಶ ಬೇಕಾಗಿರಲಿಲ್ಲ ಮ್ಯೂರಿಯಲ್. ಆಬ್ರಿ ನಲವತ್ತು ವರ್ಷ ಯಾರ್ಡಿನ್ಯಾಗ ಡಬ್ಬಿ ಜೋಡಿಸಿದ. ಅವನ ಹೆಸರು ಯಾರೂ ನೆಟ್ಟಗ ಕರೀಲಿಲ್ಲ. ಲಗ್ನ ಆಗ್ಲಿಲ್ಲ, ಮನಿ ಕಟ್ಟಲಿಲ್ಲ. ಕಲ್ಲಿನ ಮ್ಯಾಲರ ಅವಂದು ಒಂದೀಟು ದೊಡ್ಡದು ಕಾಣ್ಲಿ ಅಂತ.”

“ಅದನ್ನ ಮೊದಲ ಹೇಳಿದ್ರ ಅವತ್ತ ಹಾಕಸ್ತಿದ್ನಲ್ಲೋ.”

“ಮೊದಲ ನನಗೂ ಗೊತ್ತಿರಲಿಲ್ಲ.”

ಮ್ಯೂರಿಯಲ್ ಎದ್ದು ಒಲೆಯ ಮೇಲೆ ನೀರಿಟ್ಟಳು. “ಬೇಕಾದ್ರ ಈಗೂ ಹಾಕಸು. ನಾ ಏನೂ ಅನ್ನಾಂಗಿಲ್ಲ.”

ಸಿರಿಲ್ ವಿಚಾರ ಮಾಡಿದ. ಬ್ರೀಜ್ ಕಳಿಸಿದ ಕಾಗದವನ್ನು ಇನ್ನೊಮ್ಮೆ ನೋಡಿದ. “ಬ್ಯಾಡ,” ಎಂದ. “ಅಂವಾ ಇದ್ದದ್ದು ಡೌಡ್. ಹಂಗ ಇರ್ಲಿ. ಚಹಾಕ್ಕ ಸಕ್ರಿ ಕಮ್ಮಿ ಹಾಕು.”

ಮರುದಿನ ಬೆಳಿಗ್ಗೆ ಇಬ್ಬರೂ ಒಂದೇ ಆಟೋದಲ್ಲಿ ಮೌನೇಶನ ಶೆಡ್ಡಿಗೆ ಹೋದರು. ಕಲ್ಲು ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ಮೌನೇಶ ಚೀಲ ಸರಿಸಿ, ಹದಿನಾಲ್ಕು ತಿಂಗಳ ಧೂಳನ್ನು ಊದಿ, ಉಳಿ ಕೈಗೆತ್ತಿಕೊಂಡು ವಿಧೇಯನಾಗಿ ಕೇಳಿದ: “ಹೇಳ್ರಿ ಸಾಹೇಬ್ರ. ಹೇಳ್ರಿ ಅಕ್ಕೋರ. ಕಡೀಕ ಏನಂತ ಆತ್ರಿ? ಏನ ಸೇರಸ್ಬೇಕ್ರಿ?”

“ಏನೂ ಇಲ್ಲ,” ಎಂದ ಸಿರಿಲ್. “ಇದ್ದಂಗ ಕೆತ್ತು.”

ಮೌನೇಶ ಒಮ್ಮೆ ತಮ್ಮನ ಮುಖ, ಒಮ್ಮೆ ಅಕ್ಕನ ಮುಖ ನೋಡಿದ. “ಇದ್ದಂಗ ಅನ್ನಾಕ ಇಷ್ಟ ದಿನ ಹಿಡೀತೇನ್ರಿ?”

ಮಧ್ಯಾಹ್ನದೊಳಗೆ ಕೆತ್ತನೆ ಮುಗಿಯಿತು. ನವೆಂಬರ್ ಎರಡರಂದು ಕಲ್ಲು ಸಮಾಧಿಯ ತಲೆದೆಸೆಯಲ್ಲಿ ನಿಂತಿತ್ತು. ಮ್ಯೂರಿಯಲ್ ಕರವಸ್ತ್ರದಿಂದ ಅಕ್ಷರಗಳ ಸಂದಿನ ಪುಡಿ ಒರೆಸಿದಳು, ಸಿರಿಲ್ ಬಗ್ಗಿ ಮೇಣದಬತ್ತಿ ಹಚ್ಚಿದ, ಏಳುವಾಗ ಅಕ್ಕನ ಕೈ ಹಿಡಿದ. ಹೀಗೆ ಮೂರು ದೇಶ, ನಾಲ್ಕು ದಫ್ತರ ಮತ್ತು ಒಂದು ವೈಫೈ ಪಾಸ್‌ವರ್ಡನ್ನು ದಾಟಿ ನಡೆದ ಆ ಮಹಾಸಂಗ್ರಾಮದ ಫಲವಾಗಿ, ಹುಬ್ಬಳ್ಳಿಯ ಒಂದು ಕಲ್ಲಿನ ಮೇಲೆ, ‘ಓ’ ಎಂಬ ಒಂದು ಅಕ್ಷರವನ್ನು ಕೆತ್ತಲಿಲ್ಲ.